ಬ್ಯಾಂಕ್ ಬದಲಿಸಬೇಕಾ? ಸಿಟ್ಟು ಪಕ್ಕಕ್ಕಿಡಿ, ಮೊದಲು ಈ ಲೆಕ್ಕ ಹಾಕಿ



ಹರಿಹರ, ದಾವಣಗೆರೆ ಕಡೆ ಎಲ್ಲಿ ನಾಲ್ಕು ಜನ ರೈತರು ಸೇರಿದರೂ ಈಗ ಒಂದೇ ಮಾತು: "ಬ್ಯಾಂಕಲ್ಲಿ ಮೊದಲಿನಂಗೆ ಕೆಲಸ ಆಗಲ್ಲ." ಪಾಸ್‌ಬುಕ್ ಮಷೀನ್ ಕೆಟ್ಟಿರುತ್ತೆ, ಬೆಳೆ ಸಾಲದ ನವೀಕರಣಕ್ಕೆ ಮೂರು ಸಲ ಅಲೆಸ್ತಾರೆ, ಕೌಂಟರಲ್ಲಿ ಇರೋರಿಗೆ ಕನ್ನಡ ಬರಲ್ಲ. ನಾನು ಹರಿಹರ ತಾಲ್ಲೂಕಿನ ರೈತ. ನಮ್ಮ ಶಾಖೆಯಲ್ಲೂ ಇದೇ ಕಥೆ. ಹಾಗಂತ ಖಾತೆ ಕಿತ್ತು ಬೇರೆ ಕಡೆ ಹೋಗೋದು ಲಾಭನಾ ನಷ್ಟನಾ? ಇವತ್ತಿನ ಪಾಠ ಅದೇ.

ಬದಲಾಗಿದ್ದು ಏನು?

ನಮ್ಮ ಅಪ್ಪಂದಿರು ಕಂಡ ಬ್ಯಾಂಕುಗಳಲ್ಲಿ ಹಲವು ಈಗ ಇಲ್ಲ. 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐ ಜೊತೆ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋದವು. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾಗಿ ಬಳ್ಳಾರಿ ಕೇಂದ್ರವಾಗಿರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಅಂದ್ರೆ ಬೋರ್ಡು ನೋಡಿ ಬ್ಯಾಂಕ್ ಆರಿಸೋ ಕಾಲ ಮುಗೀತು. ನೋಡಬೇಕಾದ್ದು ಶಾಖೆಯನ್ನ.

ಉಳಿತಾಯ ಖಾತೆ ಬೇರೆ, ಬೆಳೆ ಸಾಲ ಬೇರೆ

ಉಳಿತಾಯ ಖಾತೆ ಬದಲಿಸೋದು ಸುಲಭ. ಆಧಾರ್, ಪ್ಯಾನ್, ಫೋಟೊ ಕೊಟ್ಟರೆ ಹೊಸ ಖಾತೆ ಆಗುತ್ತೆ. ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ ಹಾಗಲ್ಲ, ಅದು ನಿಮ್ಮ ಜಮೀನಿಗೆ ಅಂಟಿಕೊಂಡಿದೆ. ಪಹಣಿಯ 11ನೇ ಕಾಲಂ ತೆಗೆದು ನೋಡಿ, ಬ್ಯಾಂಕಿನ ಹೆಸರು, ಸಾಲದ ಮೊತ್ತ ಅಲ್ಲಿ ಕಾಣುತ್ತೆ. ಅದು ಇರೋವರೆಗೂ ಅದೇ ಸರ್ವೆ ನಂಬರಿಗೆ ಇನ್ನೊಂದು ಬ್ಯಾಂಕ್ ಬೆಳೆ ಸಾಲ ಕೊಡಲ್ಲ.

ಲೆಕ್ಕ ಹೀಗಿದೆ

3 ಲಕ್ಷದವರೆಗಿನ ಬೆಳೆ ಸಾಲಕ್ಕೆ ಬಡ್ಡಿ ಶೇ. 7. ಒಂದು ವರ್ಷದೊಳಗೆ ಸರಿಯಾಗಿ ಕಟ್ಟಿದರೆ ಶೇ. 3 ರಿಯಾಯಿತಿ, ಉಳಿಯೋದು ಶೇ. 4. ಪೂರ್ತಿ 3 ಲಕ್ಷಕ್ಕೆ ವರ್ಷದ ಬಡ್ಡಿ 12,000 ರೂಪಾಯಿ. ಅವಧಿ ತಪ್ಪಿದರೆ 9,000 ರೂಪಾಯಿ ರಿಯಾಯಿತಿ ಹೋಯ್ತು ಅಂತಲೇ ಲೆಕ್ಕ.

ಈಗ ಬ್ಯಾಂಕ್ ಬದಲಿಸೋಕೆ ಹಳೆ ಸಾಲ ತೀರಿಸಬೇಕು. ಕೈಯಲ್ಲಿ ದುಡ್ಡಿಲ್ಲ, ನೂರಕ್ಕೆ ಎರಡು ರೂಪಾಯಿ ತಿಂಗಳ ಬಡ್ಡಿಗೆ ಕೈಸಾಲ ತಂದಿರಿ ಅಂತಿಟ್ಟುಕೊಳ್ಳಿ. 3 ಲಕ್ಷಕ್ಕೆ ತಿಂಗಳಿಗೆ 6,000 ಬಡ್ಡಿ. ಹೊಸ ಬ್ಯಾಂಕಿನ ಸಾಲ ಬರೋದು ಎರಡು ತಿಂಗಳು ತಡ ಆದ್ರೆ 12,000! ಬ್ಯಾಂಕಿನ ಒಂದು ವರ್ಷದ ಬಡ್ಡಿ ಎರಡೇ ತಿಂಗಳಲ್ಲಿ ಹೋಯ್ತು.

ಇನ್ನೊಂದು ಕಡೆ ತಕ್ಕಡಿಗೆ ನಿಮ್ಮ ಅಲೆದಾಟ ಹಾಕಿ. ಒಂದು ಸಲ ಹೋಗಿಬರೋಕೆ ಪೆಟ್ರೋಲ್, ಒಂದು ದಿನದ ಕೆಲಸ ಸೇರಿ 600 ರೂಪಾಯಿ ಅಂದ್ರೂ ವರ್ಷಕ್ಕೆ ಎಂಟು ಸಲಕ್ಕೆ 4,800. ನಿಮ್ಮ ಅಂಕಿ ಬೇರೆ ಇರಬಹುದು, ಫೋನಿನ ಕ್ಯಾಲ್ಕುಲೇಟರಲ್ಲಿ ನೀವೇ ಹಾಕಿ ನೋಡಿ. ಅಲೆದಾಟ ಪ್ರತಿ ವರ್ಷದ ಖರ್ಚು, ಬದಲಾವಣೆ ಒಂದೇ ಸಲದ್ದು. ಕೈಸಾಲ ಇಲ್ಲದೆ ಬದಲಿಸೋಕೆ ಆದ್ರೆ ಬದಲಿಸೋದೇ ಲಾಭ ಆಗಬಹುದು.

ಬದಲಿಸೋ ಮೊದಲು ಮೂರು ದಾರಿ

1. ಲಿಖಿತ ದೂರು. ಬಾಯಿಮಾತಲ್ಲಿ ಜಗಳ ಬೇಡ. ಅರ್ಜಿ ಬರೆದು, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರಲಿಲ್ಲ ಅಂದ್ರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಸಿಎಂಎಸ್ ಪೋರ್ಟಲ್‌ನಲ್ಲಿ ಮೊಬೈಲಿಂದಲೇ ದೂರು ಹಾಕಬಹುದು. ಖರ್ಚಿಲ್ಲ. ಮಾಹಿತಿಗೆ 14448.

2. ಅದೇ ಬ್ಯಾಂಕಿನ ಬೇರೆ ಶಾಖೆ. ಹರಿಹರದಲ್ಲಿ ಕೆಲಸ ಆಗದಿದ್ದರೆ ಸುಮಾರು 14 ಕಿ.ಮೀ. ದೂರದ ದಾವಣಗೆರೆ ಶಾಖೆಗೆ ಖಾತೆ ವರ್ಗಾಯಿಸಲು ಅರ್ಜಿ ಕೊಡಿ. ಸಾಲದ ಖಾತೆಯೂ ವರ್ಗ ಆಗುತ್ತಾ, ನಮ್ಮ ಊರು ನಿಮ್ಮ ವ್ಯಾಪ್ತಿಗೆ ಬರುತ್ತಾ ಅಂತ ಮೊದಲೇ ಕೇಳಿ.

3. ಊರಿನ ಸಹಕಾರ ಸಂಘ. ರಾಜ್ಯ ಸರ್ಕಾರ 2023-24ರಿಂದ ಸಹಕಾರ ಸಂಘಗಳ ಶೂನ್ಯ ಬಡ್ಡಿ ಬೆಳೆ ಸಾಲದ ಮಿತಿಯನ್ನ 3ರಿಂದ 5 ಲಕ್ಷಕ್ಕೆ ಏರಿಸಿದೆ. ಮಿತಿ 5 ಲಕ್ಷ ಅಂದ ಮಾತ್ರಕ್ಕೆ ಎಲ್ಲರಿಗೂ ಅಷ್ಟು ಸಿಗುತ್ತೆ ಅಂತಲ್ಲ. ಹೊಸ ಸದಸ್ಯರಿಗೆ ನಿಜವಾಗಿ ಎಷ್ಟು ಕೊಡ್ತಾರೆ ಅಂತ ಕಾರ್ಯದರ್ಶಿ ಹತ್ತಿರ ವಿಚಾರಿಸಿ.

ಬದಲಿಸೋದೇ ಅಂತ ತೀರ್ಮಾನ ಆದ್ರೆ

• ಹೊಸ ಶಾಖೆಯಲ್ಲಿ ಮೊದಲು ಉಳಿತಾಯ ಖಾತೆ ಮಾತ್ರ ತೆಗೆಯಿರಿ. ಮೂರು ತಿಂಗಳು ಪರೀಕ್ಷೆ ಮಾಡಿ. ಸೋಮವಾರದ ರಶ್ ಹೊತ್ತಿಗೆ ಹೋಗಿ ಬನ್ನಿ. ಅಲ್ಲೇ ಬೆಳೆ ಸಾಲ ಇರೋ ಇಬ್ಬರು ರೈತರನ್ನ ಕೇಳಿ.

• ಆಧಾರ್ ಜೋಡಣೆ ಹುಷಾರು. ಪಿಎಂ-ಕಿಸಾನ್‌ನ 2,000 ರೂಪಾಯಿ ಕಂತು ಆಧಾರ್ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತೆ. ಜೋಡಣೆ ಒಂದು ಸಲಕ್ಕೆ ಒಂದೇ ಬ್ಯಾಂಕಿಗೆ. ಮೈಆಧಾರ್ ವೆಬ್‌ಸೈಟಲ್ಲಿ ಯಾವ ಬ್ಯಾಂಕ್ ಜೋಡಣೆ ಆಗಿದೆ ಅಂತ ನೋಡ್ಕೊಳ್ಳಿ.

• ಬೆಳೆ ಸಾಲ ಬದಲಿಸೋದು ಫಸಲಿನ ದುಡ್ಡು ಕೈಗೆ ಬಂದ ಮೇಲೆ. ಮೆಕ್ಕೆಜೋಳದವರು ಎಪಿಎಂಸಿಯಲ್ಲಿ ಮಾಲು ಮಾರಿದ ಮೇಲೆ ತೀರಿಸಿ ಅರ್ಜಿ ಹಾಕಿದರೆ ಮುಂಗಾರಿನ ಹೊತ್ತಿಗೆ ಹೊಸ ಸಾಲ ಸಿಗೋಕೆ ಸಮಯ ಇರುತ್ತೆ. ಭದ್ರಾ ನಾಲೆ ಕೆಳಗೆ ಎರಡು ಬೆಳೆ ಭತ್ತ ಹಾಕೋರಿಗೆ ಬಿಡುವು ಕಡಿಮೆ, ನಾಟಿ ಹತ್ತಿರ ಇದ್ದಾಗ ಈ ಕೆಲಸಕ್ಕೆ ಕೈ ಹಾಕಬೇಡಿ.

• ಸಾಲ ತೀರಿಸಿದ ದಿನವೇ ಬೇಬಾಕಿ ಪತ್ರ ಕೇಳಿ. ಪಹಣಿಯಿಂದ ಹಳೆ ಬ್ಯಾಂಕಿನ ಹೆಸರು ಹೋಯ್ತಾ ಅಂತ ಹೊಸ ಪಹಣಿ ತೆಗೆದು ನೋಡಿ. ಅದನ್ನೂ ಫ್ರೂಟ್ಸ್ ಐಡಿಯನ್ನೂ ಹೊಸ ಬ್ಯಾಂಕಿಗೆ ಕೊಡಿ.

• ಬೆಳೆ ವಿಮೆ ಕಟ್ಟಿದ್ದರೆ ಅದರ ಪರಿಹಾರ ತೀರ್ಮಾನ ಆಗೋವರೆಗೂ ಹಳೆ ಉಳಿತಾಯ ಖಾತೆ ಮುಚ್ಚಬೇಡಿ.

ನಾನಂತೂ ಉಳಿತಾಯ ಖಾತೆಯನ್ನ ದಾವಣಗೆರೆಯ ಬೇರೆ ಬ್ಯಾಂಕಿಗೆ ತಗೊಂಡು ಹೋಗಿದ್ದೀನಿ, ಬೆಳೆ ಸಾಲ ಮಾತ್ರ ಸದ್ಯಕ್ಕೆ ಹರಿಹರದಲ್ಲೇ ಬಿಟ್ಟಿದ್ದೀನಿ. ಲಿಖಿತ ದೂರಿನ ನಂತರ ನವೀಕರಣದ ಕೆಲಸ ಚುರುಕಾಗಿದೆ. ಮತ್ತೆ ನಿಧಾನ ಆದ್ರೆ ಫಸಲು ಮಾರಿದ ಮೇಲೆ ಅದೂ ಹೊರಡುತ್ತೆ.

ಈ ವಾರ ಒಂದು ಕೆಲಸ ಮಾಡಿ: ನಿಮ್ಮ ಪಹಣಿ ತೆಗೆದು 11ನೇ ಕಾಲಂ ಓದಿ, ಸಾಲ ಕಟ್ಟೋ ಕೊನೆ ದಿನಾಂಕವನ್ನ ಬ್ಯಾಂಕಲ್ಲಿ ಕೇಳಿ ಮೊಬೈಲಲ್ಲಿ ಅಲಾರಂ ಇಟ್ಟುಕೊಳ್ಳಿ. ಬ್ಯಾಂಕ್ ಬದಲಿಸಿದರೂ ಬಿಟ್ಟರೂ ಆ ದಿನಾಂಕ ತಪ್ಪಬಾರದು.