ಕುದುರೆಗೆ ಬಿದ್ದ ಏಟು ಸವಾರನ ಲೆಕ್ಕಕ್ಕೆ

ಒಬ್ಬ ರಥದಲ್ಲಿ ಹೋಗುತ್ತಿದ್ದಾನೆ. ಇನ್ನೊಬ್ಬ ಬಂದು ಕುದುರೆಗಳಿಗೆ ಚಾಟಿ ಬೀಸುತ್ತಾನೆ. ಕುದುರೆಗಳ ಓಟ ಜೋರಾಗುತ್ತದೆ. ರಥದಲ್ಲಿದ್ದವನ ಮೈಗೆ ಒಂದು ಏಟೂ ತಾಗಿಲ್ಲ. ಆದರೂ ಕಾನೂನಿನ ಪ್ರಕಾರ ಬಲಪ್ರಯೋಗ ನಡೆದದ್ದು ಅವನ ಮೇಲೆ. 'ಕ್ರಿಮಿನಲ್ ಬಲಪ್ರಯೋಗ' ಎಂದರೇನು ಎಂದು ತಿಳಿಸಲು 1860ರ ದಂಡ ಸಂಹಿತೆ ಕೊಟ್ಟ ಉದಾಹರಣೆ ಇದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 129ನೇ ಸೆಕ್ಷನ್ನಿಗೂ ಆ ರಥ ಹಾಗೇ ಉರುಳಿಕೊಂಡು ಬಂದಿದೆ.

ಪ್ರತಿಭಟನೆಯ ಗದ್ದಲದಲ್ಲಿ ಪೊಲೀಸ್ ಕುದುರೆಗೆ ಕೋಲು ಬೀಸಿ, "ಪ್ರಾಣಿಗೆ ತಾನೇ ಹೊಡೆದದ್ದು" ಎಂದು ಜಾರಿಕೊಳ್ಳುವುದು ಸುಲಭವಲ್ಲ ಎನ್ನುವುದಕ್ಕೆ ಈ ರಥವೇ ಸಾಕ್ಷಿ.

ಪೊಲೀಸ್ ನಾಯಿ, ಕುದುರೆಗಳ ರಕ್ಷಣೆಗೆಂದೇ ಭಾರತದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಬೇರೆ ಬೇರೆ ಕಾನೂನುಗಳ ಸೆಕ್ಷನ್‌ಗಳನ್ನು ಜೋಡಿಸಿಯೇ ಕೇಸು ಹಾಕಬೇಕು. ಅವುಗಳಲ್ಲಿ ಮೊದಲನೆಯದು ಬಿಎನ್‌ಎಸ್ 325. ಯಾವುದೇ ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗವಿಕಲಗೊಳಿಸಿದರೆ ಅಥವಾ ಕೆಲಸಕ್ಕೆ ಬಾರದಂತೆ ಮಾಡಿದರೆ 5 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಹಳೆಯ ಸಂಹಿತೆಯಲ್ಲಿ ಕುದುರೆ, ಆನೆ, ದನಗಳಿಗೆ ಬೆಲೆಯ ಷರತ್ತು ಇರಲಿಲ್ಲ. ನಾಯಿಯಾದರೆ 50 ರೂಪಾಯಿ ಬಾಳಬೇಕಿತ್ತು. ಈಗ ಆ ತಾರತಮ್ಯ ಹೋಗಿದೆ.

ಎರಡನೆಯದು ಸವಾರನ ದಾರಿ. ಕರ್ತವ್ಯದಲ್ಲಿರುವ ಸರ್ಕಾರಿ ನೌಕರನನ್ನು ತಡೆಯಲು ಹಲ್ಲೆ ಅಥವಾ ಬಲಪ್ರಯೋಗ ಮಾಡಿದರೆ ಸೆಕ್ಷನ್ 132ರ ಅಡಿ 2 ವರ್ಷದವರೆಗೆ ಶಿಕ್ಷೆ. ಅಕ್ರಮ ಕೂಟ ಚದುರಿಸುವಾಗಲೋ ಗಲಭೆ ಹತ್ತಿಕ್ಕುವಾಗಲೋ ಹೀಗೆ ಮಾಡಿದರೆ ಸೆಕ್ಷನ್ 195ರಂತೆ 3 ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 25,000 ರೂಪಾಯಿ ದಂಡ, ಇಲ್ಲವೇ ಎರಡೂ. ಇಲ್ಲೊಂದು ವಿಚಿತ್ರವಿದೆ. ಕುದುರೆಯ ಕಾಲು ಮುರಿದ ಅಪರಾಧಕ್ಕೆ 5 ವರ್ಷದವರೆಗೆ ಶಿಕ್ಷೆ ಇದ್ದರೂ ಜಾಮೀನು ಆರೋಪಿಯ ಹಕ್ಕು. ಶಿಕ್ಷೆ ಕಡಿಮೆಯಿರುವ 132 ಮಾತ್ರ ಜಾಮೀನುರಹಿತ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಹೆಸರು ದೊಡ್ಡದು, ದಂಡ ಚಿಕ್ಕದು: ಮೊದಲ ತಪ್ಪಿಗೆ 10ರಿಂದ 50 ರೂಪಾಯಿ! ಸರ್ಕಾರಿ ಆಸ್ತಿಗೆ ಹಾನಿ ತಡೆಯುವ 1984ರ ಕಾಯ್ದೆಯಲ್ಲಿ 5 ವರ್ಷದವರೆಗೆ ಜೈಲಿದೆ. ಅದರ ವ್ಯಾಖ್ಯೆ ಸರ್ಕಾರದ ಚರ ಆಸ್ತಿಯನ್ನೂ ಒಳಗೊಳ್ಳುತ್ತದೆ.

ಆನೆಯ ವಿಷಯವೇ ಬೇರೆ. ದುಬಾರೆ, ಸಕ್ರೆಬೈಲು ಶಿಬಿರಗಳ ಆನೆಗಳು ಅರಣ್ಯ ಇಲಾಖೆಯ ಸೇವೆಯಲ್ಲಿದ್ದರೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿಗಳೇ. ಆ ಕಾಯ್ದೆಯಲ್ಲಿ 'ಬೇಟೆ' ಎಂಬ ಪದ, ಹಿಡಿದು ಸಾಕಿದ ಪ್ರಾಣಿಯನ್ನು ಕೊಲ್ಲುವುದನ್ನೂ ಗಾಯಗೊಳಿಸುವುದನ್ನೂ ಒಳಗೊಂಡಿದೆ. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ.

ಇಂಗ್ಲೆಂಡಿನಲ್ಲಿ ಕಾನೂನು ಬದಲಾಗಲು ಒಂದು ನಾಯಿ ಕಾರಣವಾಯಿತು. 2016ರ ಅಕ್ಟೋಬರಿನಲ್ಲಿ ಸ್ಟೀವನೇಜ್ ಪಟ್ಟಣದಲ್ಲಿ ಆರೋಪಿಯನ್ನು ಬೆನ್ನಟ್ಟಿದ 'ಫಿನ್' ಎಂಬ ಪೊಲೀಸ್ ನಾಯಿಗೆ ಚಾಕು ಇರಿತವಾಯಿತು, ನಾಯಿ ಬದುಕಿತು. ಅದರ ಗಾಯಕ್ಕೆ ಹಾಕಲಾದದ್ದು ಆಸ್ತಿಗೆ ಹಾನಿ ಮಾಡಿದ ಕೇಸು. ಜನ ಸಿಟ್ಟಿಗೆದ್ದರು. 2019ರ ಜೂನ್ 8ರಂದು 'ಫಿನ್ ಕಾನೂನು' ಜಾರಿಗೆ ಬಂತು. ಸೇವೆಯಲ್ಲಿರುವ ಪ್ರಾಣಿಗೆ ಗಾಯ ಮಾಡಿ 'ಆತ್ಮರಕ್ಷಣೆಗಾಗಿ ಮಾಡಿದೆ' ಎಂದು ನೆಪ ಹೇಳುವ ದಾರಿಯನ್ನು ಅದು ಬಹುಮಟ್ಟಿಗೆ ಮುಚ್ಚಿತು.

ಇಂಥ ಕೃತ್ಯ ಕಣ್ಣಿಗೆ ಬಿದ್ದರೆ ನಾಗರಿಕರು 112ಕ್ಕೆ ಕರೆ ಮಾಡಬಹುದು, ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು. ಘಟನೆ ತಮ್ಮ ವ್ಯಾಪ್ತಿಯಲ್ಲಿ ನಡೆದಿಲ್ಲ ಎಂದು ಠಾಣೆಯವರು ವಾಪಸ್ ಕಳಿಸುವಂತಿಲ್ಲ. ಶೂನ್ಯ ಎಫ್‌ಐಆರ್ ದಾಖಲಿಸಬೇಕು. ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ದಾಖಲಿಸಲು ಒಪ್ಪದಿದ್ದರೆ ಎಸ್‌ಪಿಗೆ ಲಿಖಿತ ದೂರು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಮೊಬೈಲಿನಲ್ಲಿ ವಿಡಿಯೊ ಇದ್ದರೆ ಕತ್ತರಿಸದೆ, ಮೂಲ ಫೈಲನ್ನು ಹಾಗೇ ಇಟ್ಟುಕೊಳ್ಳಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಜೊತೆಗಿದ್ದರೇ ಕೋರ್ಟಿನಲ್ಲಿ ಅದಕ್ಕೆ ಬೆಲೆ. 1960ರ ಕಾಯ್ದೆಯಡಿಯ ಪ್ರಕರಣವನ್ನು ಮಾತ್ರ 3 ತಿಂಗಳೊಳಗೆ ಕೋರ್ಟಿಗೆ ಒಯ್ಯದಿದ್ದರೆ ಅವಧಿ ಮೀರಿಹೋಗುತ್ತದೆ.

ಆರೋಪಕ್ಕೆ ಸಿಕ್ಕವರಿಗೂ ಹಕ್ಕುಗಳಿವೆ. ನೂಕುನುಗ್ಗಲಲ್ಲಿ ಕುದುರೆಗೆ ಆಕಸ್ಮಿಕವಾಗಿ ಡಿಕ್ಕಿ ಹೊಡೆದರೆ ಅದು 325ರ ಅಪರಾಧವಾಗದು. ಹಾನಿ ಮಾಡುವ ಉದ್ದೇಶ ಅಥವಾ ಹಾನಿಯಾಗುತ್ತದೆಂಬ ಅರಿವು ಇತ್ತೆಂದು ಸಾಬೀತಾಗಬೇಕು. 7 ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಬಂಧನ ಅನಿವಾರ್ಯವಲ್ಲದಿದ್ದರೆ ಪೊಲೀಸರು ಮೊದಲು ಹಾಜರಾಗಲು ನೋಟಿಸ್ ಕೊಡಬೇಕು.

ಈ ಸಾಬೀತಿನ ಭಾರ ಎಷ್ಟೆಂದು ಡೆಹ್ರಾಡೂನಿನ ಶಕ್ತಿಮಾನ್ ಪ್ರಕರಣ ತೋರಿಸಿತು. 2016ರ ಮಾರ್ಚ್ 14ರ ಪ್ರತಿಭಟನೆಯಲ್ಲಿ ಉತ್ತರಾಖಂಡ ಪೊಲೀಸರ ಈ ಬಿಳಿ ಕುದುರೆಯ ಹಿಂಗಾಲು ಮುರಿಯಿತು. ಕಾಲು ಕತ್ತರಿಸಿ ಕೃತಕ ಕಾಲು ಜೋಡಿಸಿದರೂ ಏಪ್ರಿಲ್ 20ರಂದು ಅದು ಸತ್ತಿತು. ಕೋಲು ಹಿಡಿದ ಶಾಸಕರೊಬ್ಬರ ದೃಶ್ಯ ದೇಶವೆಲ್ಲ ನೋಡಿತ್ತು, ಬಂಧನವೂ ಆಯಿತು. ಐದು ವರ್ಷದ ನಂತರ, 2021ರ ಸೆಪ್ಟೆಂಬರಿನಲ್ಲಿ, ಸ್ಥಳೀಯ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು.