ಎಲ್ಲಿ ಕೆಲಸ? ಯಾರ ಕೆಲಸ?

ಓದೋಣ, ಬನ್ನಿ.

ಆಸ್ಪತ್ರೆಯಲ್ಲಿ ಕೆಲಸ. ಬೆಂಗಳೂರಿನಲ್ಲಿ ಕೆಲಸ. ಕಾಫಿ ತೋಟದಲ್ಲಿ ಕೆಲಸ.

ಕನ್ನಡದಲ್ಲಿ ಎಲ್ಲದಕ್ಕೂ ‘ಅಲ್ಲಿ’ ಸಾಕು. ಅದು ಜಾಗದ ಹೆಸರಿನ ಕೊನೆಗೆ ಸೇರುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಇದಕ್ಕೆ ಬೇರೆ ಬೇರೆ ಸಣ್ಣ ಪದಗಳಿವೆ. ಅವು ಹೆಸರಿಗಿಂತ ಮೊದಲೇ ಬರುತ್ತವೆ.

ಅಟ್: ದಿನಾ ಕೆಲಸಕ್ಕೆ ಹೋಗುವ ಜಾಗ ಹೇಳಲು.
ಐ ವರ್ಕ್ ಅಟ್ ದ ಹಾಸ್ಪಿಟಲ್.

ಇನ್: ಊರು ಹೇಳಲು. ಎಂಥ ಜಾಗದ ಒಳಗೆ ಕೆಲಸ ಎಂದು ಹೇಳಲು.
ಐ ವರ್ಕ್ ಇನ್ ಬೆಂಗಳೂರು.
ಐ ವರ್ಕ್ ಇನ್ ಎ ಫ್ಯಾಕ್ಟರಿ.

ಆನ್: ಹೊಲ, ತೋಟ, ಎಸ್ಟೇಟು ಹೇಳಲು.
ಐ ವರ್ಕ್ ಆನ್ ಎ ಕಾಫಿ ಎಸ್ಟೇಟ್.

ಫಾರ್: ಕೆಲಸಕ್ಕೆ ಇಟ್ಟುಕೊಂಡವರು, ಸಂಬಳ ಕೊಡುವವರು ಯಾರು ಎಂದು ಹೇಳಲು.
ಐ ವರ್ಕ್ ಫಾರ್ ಎ ಕಂಟ್ರಾಕ್ಟರ್.

ಅಟ್, ಇನ್ ಅದಲು ಬದಲಾದರೆ ಹೆದರಬೇಡಿ. ‘ಇನ್ ಎ ಹಾಸ್ಪಿಟಲ್’ ಅಂದರೂ ಸರಿಯೇ. ಕೇಳಿದವರಿಗೆ ತಿಳಿಯುತ್ತದೆ. ಆದರೆ ‘ಫಾರ್’ ಮಾತ್ರ ಮರೆಯಬೇಡಿ. ಯಾಕೆ?

ಒಬ್ಬ ಅಕ್ಕ ದೊಡ್ಡ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾಳೆ ಎನ್ನೋಣ. ಅವಳಿಗೆ ಸಂಬಳ ಕೊಡುವುದು ಆಸ್ಪತ್ರೆಯಲ್ಲ, ಕಂಟ್ರಾಕ್ಟರು. ಎರಡು ತಿಂಗಳಿಂದ ಸಂಬಳ ಬಂದಿಲ್ಲ. ಕನ್ನಡ ಬಾರದ ಅಧಿಕಾರಿಯ ಮುಂದೆ ಅವಳು ‘ಅಟ್ ದ ಹಾಸ್ಪಿಟಲ್’ ಎಂದಷ್ಟೇ ಹೇಳಿದಳು. ಅವರು ಏನು ತಿಳಿಯುತ್ತಾರೆ? ಆಸ್ಪತ್ರೆಯೇ ಸಂಬಳ ಕೊಡುತ್ತದೆ ಎಂದು! ಅವಳ ಹೆಸರು ಆಸ್ಪತ್ರೆಯ ಪಟ್ಟಿಯಲ್ಲಿ ಸಿಗುವುದಿಲ್ಲ. ಅಲೆದಾಟ ಅವಳಿಗೇ.

ಅದಕ್ಕೇ ಎರಡನ್ನೂ ಹೇಳಬೇಕು:

ಅಧಿಕಾರಿ: ವೇರ್ ಡು ಯು ವರ್ಕ್? (ಎಲ್ಲಿ ಕೆಲಸ ಮಾಡ್ತೀರಮ್ಮ?)
ಅಕ್ಕ: ಅಟ್ ದ ಹಾಸ್ಪಿಟಲ್, ಸರ್.
ಅಧಿಕಾರಿ: ಹೂ ಡು ಯು ವರ್ಕ್ ಫಾರ್? (ಯಾರು ಕೆಲಸಕ್ಕೆ ಇಟ್ಕೊಂಡಿದಾರೆ?)
ಅಕ್ಕ: ಫಾರ್ ಎ ಕಂಟ್ರಾಕ್ಟರ್, ಸರ್.

ಈಗ ವಿಷಯ ಸ್ಪಷ್ಟವಾಯಿತು. ಜಾಗ ಒಂದು, ಧಣಿ ಇನ್ನೊಬ್ಬ.

ನಿಮ್ಮ ಸಂಬಳದ ಚೀಟಿ, ಗುರುತಿನ ಚೀಟಿ ತೆಗೆದು ನೋಡಿ. ಅದರಲ್ಲಿ ಯಾರ ಹೆಸರಿದೆ? ಓದಿ. ಚೀಟಿ ಕೊಟ್ಟಿಲ್ಲವೇ? ಕೇಳಿ ಪಡೆಯಿರಿ. ಜೋಪಾನವಾಗಿ ಇಟ್ಟುಕೊಳ್ಳಿ.

ಅಭ್ಯಾಸ

1. ಬಿಟ್ಟ ಜಾಗ ತುಂಬಿ:
ಐ ವರ್ಕ್ ____ ಮೈಸೂರು.
ಐ ವರ್ಕ್ ____ ಎ ಕಾಫಿ ಎಸ್ಟೇಟ್.
ಐ ವರ್ಕ್ ____ ಎ ಕಂಟ್ರಾಕ್ಟರ್.

2. ನೀವು ಎಲ್ಲಿ ಕೆಲಸ ಮಾಡುತ್ತೀರಿ? ಸಂಬಳ ಕೊಡುವವರು ಯಾರು? ಎರಡು ವಾಕ್ಯ ಬರೆಯಿರಿ. ಪಕ್ಕದವರಿಗೆ ಓದಿ ಹೇಳಿ.

ಉತ್ತರ: ಇನ್, ಆನ್, ಫಾರ್.