ಗೇಟು ದಾಟಿ ಒಳಗೆ ಬಂದ ಮೇಲೆ

ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ನನಗೆ ಇಪ್ಪತ್ನಾಲ್ಕು ವರ್ಷ ತುಂಬಿತು. ಮೊದಲು ಪೀಣ್ಯ, ಆಮೇಲೆ ಬೊಮ್ಮಸಂದ್ರ, ಈಗ ಬಿಡದಿ ಕಡೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಗುತ್ತಿಗೆಯವರು ಅಂದರೆ ಸೆಕ್ಯುರಿಟಿ, ಕ್ಯಾಂಟೀನು, ತೋಟ, ಲೋಡಿಂಗ್, ಅಷ್ಟೆ. ಈಗ ಲೈನಿನಲ್ಲಿ ನಿಂತು ಬಿಡಿಭಾಗ ಜೋಡಿಸುವ ಹುಡುಗರಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿ ಏಜೆನ್ಸಿಯವರು. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಕಾನೂನು ಓದಿಕೊಂಡೇ ಬರುತ್ತಾರೆ. ಕಾನೂನಿನ ಸಾಲುಗಳು ಶಾಪ್ ಫ್ಲೋರಿನಲ್ಲಿ ಯಾವ ರೂಪದಲ್ಲಿ ಎದುರಾಗುತ್ತವೆ ಎಂಬುದನ್ನು ಅವರಿಗಾಗಿ ಬರೆದಿಡುತ್ತಿದ್ದೇನೆ.

1. ಮೊದಲು ತಲೆ ಎಣಿಸಿ

ಒಮ್ಮೆ ಬೆಂಕಿ ಅವಘಡದ ಅಣಕು ಕವಾಯತು ಮಾಡಿಸಿದೆವು. ಸೈರನ್ ಆಗಿ ನಾಲ್ಕೇ ನಿಮಿಷದಲ್ಲಿ ಪರ್ಮನೆಂಟ್ ನೌಕರರ ಲೆಕ್ಕ ಸರಿಹೋಯಿತು. ಗುತ್ತಿಗೆಯವರದ್ದು ಸರಿಹೋಗಲಿಲ್ಲ. ಗೇಟಿನ ಪುಸ್ತಕದಲ್ಲಿ 318, ಕಂಟ್ರಾಕ್ಟರುಗಳ ಸೂಪರ್‌ವೈಸರುಗಳು ಕೊಟ್ಟ ಲೆಕ್ಕದಲ್ಲಿ 291. ಉಳಿದ 27 ಜನ ಎಲ್ಲಿದ್ದಾರೆ, ಅವರ ಹೆಸರೇನು ಎಂದು ಹೇಳಬಲ್ಲವರು ಅಲ್ಲಿ ಒಬ್ಬರೂ ಇರಲಿಲ್ಲ. ಹುಡುಕಿ ಮುಗಿಸಲು ಒಂದೂವರೆ ಗಂಟೆ ಹಿಡಿಯಿತು. ಕೆಲವರು ಬೇರೆಯವರ ಪಾಸಿನಲ್ಲಿ ಒಳಗೆ ಬಂದಿದ್ದರು. ಕೆಲವರು ರಾತ್ರಿ ಪಾಳಿ ಮುಗಿಸಿ ಹಗಲು ಪಾಳಿಗೂ ನಿಂತವರು, ಪುಸ್ತಕದಲ್ಲಿ ಎರಡೆರಡು ಸಲ ಬಂದಿದ್ದರು. ನಾಲ್ವರು ಪೇಂಟರುಗಳು ಶೆಡ್ಡಿನ ಮೇಲಿದ್ದರು, ಅವರಿಗೆ ಸೈರನ್ನೇ ಕೇಳಿಸಿರಲಿಲ್ಲ.

ಹೀಗಾಗಲು ಕಾರಣ ಸರಳ. ಪರ್ಮನೆಂಟ್ ನೌಕರರ ಪಟ್ಟಿ ನಮ್ಮ ವಿಭಾಗದಲ್ಲಿತ್ತು. ಗುತ್ತಿಗೆಯವರು ಮಾತ್ರ ಪರ್ಚೇಸ್ ವಿಭಾಗದ ಆರ್ಡರುಗಳಲ್ಲಿ, ಬೋಲ್ಟು ನಟ್ಟುಗಳ ಪಕ್ಕದಲ್ಲಿ, ಒಂದು ಮೊತ್ತವಾಗಿ ಇದ್ದರು. ಕಾರ್ಖಾನೆ ಕಾಯಿದೆಯ ‘ಕಾರ್ಮಿಕ’ ಎಂಬ ವ್ಯಾಖ್ಯೆ ಕಂಟ್ರಾಕ್ಟರ್ ಮೂಲಕ ಬಂದವರನ್ನೂ 1976ರ ತಿದ್ದುಪಡಿಯಿಂದಲೇ ಹೆಸರಿಸಿ ಒಳಗೆ ಸೇರಿಸಿಕೊಂಡಿತ್ತು. ನಮ್ಮ ಪಟ್ಟಿಗೆ ಸೇರಿಸಿಕೊಳ್ಳಲು ನಾವು ಅಷ್ಟು ವರ್ಷ ತೆಗೆದುಕೊಂಡೆವು. ಈಗ ಒಂದೇ ಪಟ್ಟಿ, ಒಂದೇ ಪಂಚಿಂಗ್ ಮಿಷಿನ್. ಹೆಸರು, ಫೋಟೋ, ಪಿಎಫ್‌ನ ಯುಎಎನ್, ಇಎಸ್‌ಐ ನಂಬರು ಇಲ್ಲದೆ ಗೇಟ್ ಪಾಸ್ ಇಲ್ಲ.

2. ಕೊಟೇಶನ್ನಿನಲ್ಲೇ ಕಳವು ಕಾಣುತ್ತದೆ

ಇದನ್ನು ಪರ್ಚೇಸ್ ವಿಭಾಗದವರ ಜೊತೆ ಕೂತು ಪೆನ್ನು ಹಿಡಿದು ಲೆಕ್ಕ ಹಾಕಿ ತೋರಿಸಬೇಕು. ಬಾಯಿಮಾತಿಗೆ ಅವರು ಒಪ್ಪುವುದಿಲ್ಲ.

200 ಜನ ಬೇಕು ಅಂದುಕೊಳ್ಳಿ. ಸಂಬಳ, ಪಿಎಫ್, ಇಎಸ್‌ಐ ಎಲ್ಲ ಸೇರಿ ಒಬ್ಬರಿಗೆ ತಿಂಗಳಿಗೆ ₹18,000 ಆದರೆ ಒಟ್ಟು ₹36 ಲಕ್ಷ. ಮೂವರು ಕಂಟ್ರಾಕ್ಟರುಗಳು ಸರ್ವಿಸ್ ಚಾರ್ಜ್ ಶೇ. 8, ಶೇ. 6 ಮತ್ತು ಶೇ. 1 ಎಂದು ಬರೆದಿದ್ದಾರೆ. ಕಡಿಮೆ ಬರೆದವನಿಗೆ ಆರ್ಡರ್ ಹೋಗುತ್ತದೆ. ಅವನ ಕೈಗೆ ತಿಂಗಳಿಗೆ ಬರುವುದು ₹36,000. ಇಬ್ಬರು ಸೂಪರ್‌ವೈಸರುಗಳ ಸಂಬಳವೇ ₹40,000. ಅವನು ಪ್ರತಿ ತಿಂಗಳು 7ನೇ ತಾರೀಕಿನೊಳಗೆ ಸಂಬಳ ಕೊಡಬೇಕು, ನಾವು ಅವನ ಬಿಲ್ಲು ಪಾಸು ಮಾಡುವುದು 60 ದಿನಕ್ಕೆ. ಅಂದರೆ ಅವನ ₹72 ಲಕ್ಷ ಯಾವಾಗಲೂ ನಮ್ಮಲ್ಲಿ ಬಾಕಿ. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಹಿಡಿದರೂ ₹72,000. ಖರ್ಚು ₹1,12,000, ಬರುವುದು ₹36,000. ಕೊರತೆ ₹76,000, ತಲೆಗೆ ₹380. ಸಮವಸ್ತ್ರ, ಶೂ, ಅವನ ಆಫೀಸಿನ ಬಾಡಿಗೆ, ಅವನ ಲಾಭ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಆ ದುಡ್ಡು ಎಲ್ಲಿಂದ ಬರುತ್ತದೆ? ಓಟಿಯಿಂದ, ಪಿಎಫ್‌ನಿಂದ, ಕೆಲಸಕ್ಕೆ ಸೇರುವಾಗ ಹುಡುಗರ ಹತ್ತಿರ ಕಿತ್ತ ‘ಡಿಪಾಸಿಟ್’ನಿಂದ. ಆರ್ಡರಿಗೆ ಸಹಿ ಹಾಕುವ ಹೊತ್ತಿಗೆ ಈ ಕಳವಿಗೂ ನಾವು ಸಹಿ ಹಾಕಿರುತ್ತೇವೆ. ಆದ್ದರಿಂದ ಸರ್ವಿಸ್ ಚಾರ್ಜಿಗೆ ಒಂದು ಕನಿಷ್ಠ ಮಿತಿ ಇರಲಿ, ಅದಕ್ಕಿಂತ ಕೆಳಗಿನ ಕೊಟೇಶನ್ನನ್ನು ಬದಿಗಿಡಿ. ಜೊತೆಗೆ, ಹಿಂದಿನ ತಿಂಗಳ ಪಿಎಫ್, ಇಎಸ್‌ಐ ಚಲನ್ ತೋರಿಸಿದ ಕಂಟ್ರಾಕ್ಟರಿಗೆ ಹದಿನೈದು ದಿನದೊಳಗೆ ಬಿಲ್ಲು ಪಾಸು ಮಾಡಿ. ಫೈನಾನ್ಸ್‌ನವರನ್ನು ಇದಕ್ಕೆ ಒಪ್ಪಿಸಲು ನನಗೆ ಎರಡು ವರ್ಷ ಬೇಕಾಯಿತು. ನನ್ನ ವೃತ್ತಿಯಲ್ಲಿ ಅಷ್ಟು ಫಲ ಕೊಟ್ಟ ಕೆಲಸ ಬೇರೊಂದಿಲ್ಲ.

3. ಬ್ಯಾಂಕಿಗೆ ಬಿದ್ದ ದುಡ್ಡು ಕೈಗೆ ಬಂತೇ ಕೇಳಿ

1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯ 21ನೇ ಕಲಮು ಕಂಪನಿಯ ಪ್ರತಿನಿಧಿಯ ಎದುರಿನಲ್ಲೇ ಸಂಬಳ ಕೊಡಬೇಕು ಎಂದಿತ್ತು. ಕಂಟ್ರಾಕ್ಟರ್ ಕೊಡದಿದ್ದರೆ ಕಂಪನಿಯೇ ಕೊಟ್ಟು ಅವನಿಂದ ವಸೂಲಿ ಮಾಡಬೇಕು ಎಂದೂ ಇತ್ತು. ಪಗಾರದ ದಿನ ಟೇಬಲ್ ಹಾಕಿ ಕವರು ಹಂಚುತ್ತಿದ್ದ ಕಾಲದಲ್ಲಿ ನಾನೇ ಪಕ್ಕದಲ್ಲಿ ಕೂತು ಸಹಿ ಹಾಕಿದ್ದೇನೆ. ಸಂಬಳ ಬ್ಯಾಂಕಿಗೆ ಹೋಗತೊಡಗಿದ ಮೇಲೆ ನಮಗೆಲ್ಲ ನಿರಾಳವಾಯಿತು. ಸ್ಟೇಟ್‌ಮೆಂಟ್ ತರಿಸುವುದು, ಮೊತ್ತ ತಾಳೆ ನೋಡುವುದು, ಫೈಲಿಗೆ ಹಾಕುವುದು.

ಹೌಸ್‌ಕೀಪಿಂಗ್‌ನ ಒಬ್ಬ ಹೆಂಗಸು ಒಂದು ದಿನ ನನ್ನ ಕೋಣೆ ಒರೆಸುತ್ತ, ಮಗಳ ಫೀಸಿಗೆ ಒಂದು ಸಾವಿರ ಅಡ್ವಾನ್ಸ್ ಸಿಗುತ್ತದೆಯೇ ಎಂದು ಕೇಳಿದರು. ಸಂಬಳವಾಗಿ ಮೂರೇ ದಿನ ಆಗಿತ್ತು.

“ಅಕ್ಕ, ಮೊನ್ನೆ ತಾನೇ ದುಡ್ಡು ಬಿತ್ತಲ್ಲ?”

“ಬಿದ್ದೈತೆ ಸಾರ್. ಸೂಪ್ರೈಸರ್ ಇನ್ನೂ ತಂದುಕೊಟ್ಟಿಲ್ಲ.”

“ಅವರು ಯಾಕೆ ತಂದುಕೊಡಬೇಕು? ನಿಮ್ಮ ಎಟಿಎಂ ಕಾರ್ಡು?”

“ಕಾರ್ಡೆಲ್ಲ ಅವರತ್ರನೇ ಅಲ್ವಾ ಸಾರ್ ಇರೋದು.”

ಅವರು ನೆಲ ಒರೆಸುವುದನ್ನು ನಿಲ್ಲಿಸದೆಯೇ ಹೇಳಿದರು. ಇದರಲ್ಲಿ ವಿಶೇಷವೇನಿದೆ ಎನ್ನುವ ಹಾಗೆ. ಅವತ್ತು ಸಂಜೆ ಆ ಸೂಪರ್‌ವೈಸರಿನ ಲಾಕರ್ ತೆಗೆಸಿದೆವು. ರಬ್ಬರ್ ಬ್ಯಾಂಡ್ ಸುತ್ತಿದ್ದ 34 ಕಾರ್ಡು ಸಿಕ್ಕವು. ಪ್ರತಿ ಕಾರ್ಡಿನ ಹಿಂದೆ ಸಣ್ಣ ಚೀಟಿ ಅಂಟಿಸಿ ಪಿನ್ ನಂಬರ್ ಬರೆದಿತ್ತು. ತಿಂಗಳಿಗೆ ತಲಾ ಸಾವಿರ ರೂಪಾಯಿ ಹಿಡಿದುಕೊಂಡು ಉಳಿದದ್ದನ್ನು ಕೈಗೆ ಕೊಡುತ್ತಿದ್ದರು. ನನ್ನ ಫೈಲಿನಲ್ಲಿ ಎಲ್ಲವೂ ಸರಿಯಾಗಿತ್ತು, ಮೂರು ವರ್ಷದಿಂದ.

ಅಂದಿನಿಂದ ಪ್ರತಿ ತಿಂಗಳು ಯಾರಾದರೂ ಹತ್ತು ಜನರನ್ನು, ಅವರ ಸೂಪರ್‌ವೈಸರ್ ಇಲ್ಲದ ಜಾಗಕ್ಕೆ ಕರೆದು, ಮೂರು ಪ್ರಶ್ನೆ ಕೇಳುತ್ತೇನೆ. ಕಾರ್ಡು ತೋರಿಸಿ. ಈ ತಿಂಗಳು ಕೈಗೆ ಎಷ್ಟು ಬಂತು? ಯಾರಿಗಾದರೂ ವಾಪಸ್ ಕೊಟ್ಟಿರಾ? ಮೂರನೆಯ ಪ್ರಶ್ನೆಗೆ ಉತ್ತರ ಮೊದಲ ಸಲವೇ ಬರುವುದಿಲ್ಲ. ನಾಲ್ಕನೆಯ ತಿಂಗಳಿಗೆ ಬರುತ್ತದೆ. ಕೇಳುತ್ತಲೇ ಇರಬೇಕು.

4. ಅಪಾಯದ ಕೆಲಸವನ್ನು ಗುತ್ತಿಗೆಗೆ ತಳ್ಳಬೇಡಿ

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಅನ್ನುವ ಗಾದೆ ನನಗೆ ಪ್ರೆಸ್ ಶಾಪಿನಲ್ಲಿ ಅರ್ಥವಾಯಿತು. ಹಳೆಯ ಪ್ರೆಸ್ಸಿಗೆ ಪರ್ಮನೆಂಟ್ ಆಪರೇಟರುಗಳು ಹೋಗಲು ಒಪ್ಪುತ್ತಿರಲಿಲ್ಲ. ಅದರ ಗಾರ್ಡು ಸರಿಯಿಲ್ಲ ಎಂದು ಅವರು ಬರೆದುಕೊಟ್ಟೂ ಇದ್ದರು. ಶಿಫ್ಟ್ ಇಂಜಿನಿಯರ್ ರಾತ್ರಿ ಪಾಳಿಯಲ್ಲಿ ಅಲ್ಲಿಗೆ ಒಬ್ಬ ಹೆಲ್ಪರನ್ನು ನಿಲ್ಲಿಸಿದರು. ಯಾದಗಿರಿ ಕಡೆಯ ಹುಡುಗ, ಸೇರಿ 19 ದಿನ. ಎಡಗೈಯ ಎರಡು ಬೆರಳು ಹೋದವು.

ನಾನು ಆಸ್ಪತ್ರೆ ಮುಟ್ಟಿದಾಗ ರಾತ್ರಿ ಎರಡೂವರೆ. ಕಂಟ್ರಾಕ್ಟರ್ ಫೋನು ಸ್ವಿಚ್ ಆಫ್. ಹುಡುಗನ ಹೆಸರಿಗೆ ಇಎಸ್‌ಐ ನಂಬರೇ ಆಗಿರಲಿಲ್ಲ. ಅವನು ಕೈ ನೋಡಿಕೊಳ್ಳದೆ ನನ್ನ ಮುಖವನ್ನೇ ನೋಡುತ್ತ, “ಸಾಹೇಬ್ರ, ನಮ್ಮವ್ವಗ ಹೇಳಬ್ಯಾಡ್ರಿ” ಅಂದ. ಆ ರಾತ್ರಿ ಅವನು ಬೇರೆ ಏನನ್ನೂ ಕೇಳಲಿಲ್ಲ.

ಕೆಲಸದ ವೇಳೆ ಆದ ಗಾಯಕ್ಕೆ ಇಎಸ್‌ಐ ರಕ್ಷಣೆ ಸೇರಿದ ಮೊದಲ ದಿನದಿಂದಲೇ ಇದೆ. ಕಂಟ್ರಾಕ್ಟರ್ ವಂತಿಗೆ ಕಟ್ಟದಿದ್ದರೆ ಮೊದಲು ಕಟ್ಟಬೇಕಾದದ್ದು ಮೂಲ ಮಾಲೀಕರಾದ ನಾವೇ ಎಂದು ಆಗಿನ ಇಎಸ್‌ಐ ಕಾಯಿದೆಯ 40ನೇ ಕಲಮು ಹೇಳುತ್ತಿತ್ತು. ಕಾಗದಪತ್ರ ಸರಿ ಮಾಡಿಸಿ ಹುಡುಗನಿಗೆ ಅಂಗವೈಕಲ್ಯದ ಪರಿಹಾರ ಬರುವ ಹಾಗೆ ಮಾಡಲು ಏಳು ತಿಂಗಳಾಯಿತು. ಇಎಸ್‌ಐ ನಂಬರಿಲ್ಲದೆ ಗೇಟ್ ಪಾಸ್ ಇಲ್ಲ ಎಂಬ ನಿಯಮ ಹುಟ್ಟಿದ್ದು ಅವನ ಎರಡು ಬೆರಳಿನಿಂದ. ಇನ್ನೊಂದು ನಿಯಮವನ್ನೂ ಮಾಡಿದೆವು: ಪರ್ಮನೆಂಟ್ ನೌಕರ ನಿಲ್ಲಲು ಒಪ್ಪದ ಮಿಷಿನ್ನಿನ ಮುಂದೆ ಯಾರೂ ನಿಲ್ಲಕೂಡದು, ಮೊದಲು ಮಿಷಿನ್ ರಿಪೇರಿ ಆಗಬೇಕು.

5. ಸುರಕ್ಷತೆಯನ್ನು ಅವರ ಭಾಷೆಯಲ್ಲಿ ಹೇಳಿ

ರಾಯಚೂರಿನವರಿಗೆ ಕನ್ನಡ, ಉಳಿದವರಿಗೆ ಒಡಿಯಾ, ಅಸ್ಸಾಮಿ, ಹಿಂದಿ. ಇಂಗ್ಲಿಷ್ ಸ್ಲೈಡು ತೋರಿಸಿ ಸಹಿ ಹಾಕಿಸಿಕೊಂಡರೆ ಅದು ತರಬೇತಿಯಲ್ಲ. ಹಳಬರಲ್ಲಿ ಒಬ್ಬರನ್ನು ಹೊಸಬನ ಜೊತೆ ಮೂರು ದಿನ ನಿಲ್ಲಿಸಿ, ಆ ಹಳಬರಿಗೆ ಅದಕ್ಕಾಗಿ ದುಡ್ಡು ಕೊಡಿ.

6. ತಟ್ಟೆ ಒಂದೇ ಇರಲಿ

ನಮ್ಮಲ್ಲಿ ಪರ್ಮನೆಂಟ್‌ನವರಿಗೆ ನೀಲಿ ಟೋಕನ್, ಗುತ್ತಿಗೆಯವರಿಗೆ ಬಿಳಿ. ನೀಲಿಗೆ ಹನ್ನೆರಡೂವರೆಗೆ ಊಟ, ಬಿಳಿಗೆ ಒಂದೂಕಾಲಿಗೆ, ಅಷ್ಟು ಹೊತ್ತಿಗೆ ಪಲ್ಯ ಮುಗಿದಿರುತ್ತಿತ್ತು. ಇದನ್ನು ತೆಗೆದುಹಾಕಲು ಖರ್ಚು ಹೆಚ್ಚೇನೂ ಇರಲಿಲ್ಲ, ವಿರೋಧ ಮಾತ್ರ ಬಹಳ ಇತ್ತು, ಅದೂ ನಮ್ಮ ಯೂನಿಯನ್ನಿನ ಕೆಲವರಿಂದ. ನೀರು, ಕ್ಯಾಂಟೀನು, ಶೌಚಾಲಯ, ವಿಶ್ರಾಂತಿ ಕೋಣೆಗಳನ್ನು ಒದಗಿಸುವ ಹೊಣೆ ಹಳೆಯ ಗುತ್ತಿಗೆ ಕಾರ್ಮಿಕರ ಕಾಯಿದೆಯಲ್ಲಿ ಮೊದಲು ಕಂಟ್ರಾಕ್ಟರನದಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಅದನ್ನು ನೇರವಾಗಿ ಮೂಲ ಮಾಲೀಕರ ಮೇಲೆ ಹೊರಿಸಿದೆ. ಇದೊಂದು ಒಳ್ಳೆಯ ಬದಲಾವಣೆ. ಆದರೆ ಅದೇ ಸಂಹಿತೆ ಗುತ್ತಿಗೆ ಕಾರ್ಮಿಕರ ಭಾಗ ಅನ್ವಯವಾಗುವ ಮಿತಿಯನ್ನು 20 ಜನರಿಂದ 50ಕ್ಕೆ ಏರಿಸಿದೆ. ನಲವತ್ತು ಜನರಿರುವ ಕಡೆ ಕೆಲಸ ಮಾಡುವವರಿಗೆ ಬಾಯಾರಿಕೆ ಕಡಿಮೆಯೇನಲ್ಲ. ಕಾಯಿದೆ ಕೇಳದಿದ್ದರೂ ಅಲ್ಲಿಯೂ ಇವನ್ನೆಲ್ಲ ಒದಗಿಸಿ.

7. ರಜೆ ಚೀಟಿಗೆ ಯಾರ ಸಹಿ?

ಗುತ್ತಿಗೆ ನಿಜವೋ ತೋರಿಕೆಯದ್ದೋ ಎಂಬುದು ಈ ಒಂದು ಪ್ರಶ್ನೆಯಲ್ಲಿ ಬಹುಮಟ್ಟಿಗೆ ಗೊತ್ತಾಗುತ್ತದೆ. ನಮ್ಮ ಲೈನ್ ಲೀಡರ್ ರಜೆ ಕೊಡುತ್ತಾನೆ, ನಮ್ಮ ಇಂಜಿನಿಯರ್ ಕೆಲಸ ಹಂಚುತ್ತಾನೆ, ತಪ್ಪು ಮಾಡಿದರೆ ನಾವೇ ಮನೆಗೆ ಕಳಿಸುತ್ತೇವೆ ಎಂದಾದರೆ ಕಂಟ್ರಾಕ್ಟರ್ ಇರುವುದು ಸಂಬಳದ ಚೀಟಿಯ ಮೇಲೆ ಮಾತ್ರ. ಸ್ಟೀಲ್ ಅಥಾರಿಟಿ ಪ್ರಕರಣದ 2001ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದ ಮಾತ್ರಕ್ಕೆ ಕಾರ್ಮಿಕರು ತಾವಾಗಿಯೇ ಕಾಯಂ ಆಗುವುದಿಲ್ಲ ಎಂದಿತು. ಅದನ್ನಷ್ಟೇ ನೆನಪಿಟ್ಟುಕೊಂಡ ಮ್ಯಾನೇಜರುಗಳು ಬಹಳ. ಗುತ್ತಿಗೆ ಬರೀ ಮುಖವಾಡವಾಗಿದ್ದರೆ ಅವರು ಮೂಲ ಮಾಲೀಕರ ನೌಕರರೇ ಎಂಬ ಭಾಗವೂ ಅದೇ ತೀರ್ಪಿನಲ್ಲಿದೆ. ವರ್ಷವಿಡೀ ನಡೆಯುವ, ಉತ್ಪಾದನೆಯ ಹೃದಯದಂಥ ಕೆಲಸಕ್ಕೆ ಜನ ಬೇಕಿದ್ದರೆ ನೇರವಾಗಿ ತೆಗೆದುಕೊಳ್ಳಿ ಎಂದು ನಾನು ಪ್ರತಿ ಬಜೆಟ್ ಸಭೆಯಲ್ಲೂ ಹೇಳುತ್ತೇನೆ. ಹತ್ತು ಸಲ ಹೇಳಿದರೆ ಎರಡು ಸಲ ಕೇಳುತ್ತಾರೆ. ಆ ಎರಡು ಸಲದಲ್ಲಿ 61 ಹುಡುಗರು ಕಾಯಂ ಆಗಿದ್ದಾರೆ.

8. ಕೇಳಲು ಒಂದು ಜಾಗ ಬೇಕು

2020ರ ಡಿಸೆಂಬರ್ 12ರ ಬೆಳಿಗ್ಗೆ ಕೋಲಾರದ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಗಾಜುಗಳು ಒಡೆದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಅಲ್ಲಿದ್ದವರಲ್ಲಿ ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದ ಯುವಕರು. ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಕೆಲವರಿಗೆ ಸಂಬಳ ತಡವಾಗಿತ್ತು, ಕೆಲಸದ ಅವಧಿಯ ಲೆಕ್ಕ ಸರಿಯಿರಲಿಲ್ಲ ಎಂದು ಆಪಲ್ ಆಮೇಲೆ ಹೇಳಿತು, ವಿಸ್ಟ್ರಾನ್ ಕಾರ್ಮಿಕರ ಕ್ಷಮೆ ಕೇಳಿತು. ಗಾಜು ಒಡೆದದ್ದು ಸರಿಯಲ್ಲ. ಆದರೆ ನನಗೆ ಅವತ್ತು ರಾತ್ರಿ ನಿದ್ದೆ ಬರದಿದ್ದುದು ಬೇರೆ ಕಾರಣಕ್ಕೆ. ನಮ್ಮ ಹುಡುಗನೊಬ್ಬನಿಗೆ ಓಟಿ ಕಡಿಮೆ ಬಂದರೆ ಅವನು ಯಾರನ್ನು ಕೇಳುತ್ತಾನೆ? ಏಜೆನ್ಸಿಯವರು ‘ಕಂಪನಿಯವರನ್ನು ಕೇಳು’ ಅನ್ನುತ್ತಾರೆ, ನಾವು ‘ಏಜೆನ್ಸಿಯವರನ್ನು ಕೇಳು’ ಅನ್ನುತ್ತಿದ್ದೆವು.

ಅದರ ಮುಂದಿನ ವಾರದಿಂದ, ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಒಳಗೆ ಒಂದು ಟೇಬಲ್ ಹಾಕಿ ಕೂರುತ್ತೇನೆ. ಮೊದಲ ತಿಂಗಳು ಯಾರೂ ಬರಲಿಲ್ಲ. ಈಗ ಸಾಲು ನಿಲ್ಲುತ್ತದೆ.

9. ಕಂಟ್ರಾಕ್ಟರ್ ಬದಲಾದಾಗ ವರ್ಷಗಳು ಕಳೆದುಹೋಗದಿರಲಿ

ಲೋಡಿಂಗಿನ ಒಬ್ಬರ ಹತ್ತಿರ ಹನ್ನೊಂದು ವರ್ಷದ ನಾಲ್ಕು ಐಡಿ ಕಾರ್ಡುಗಳಿದ್ದವು, ನಾಲ್ಕು ಕಂಟ್ರಾಕ್ಟರುಗಳದ್ದು. ಯಾವ ಕಂಟ್ರಾಕ್ಟರ್ ಹತ್ತಿರವೂ ಐದು ವರ್ಷ ತುಂಬಿರಲಿಲ್ಲ, ಆದ್ದರಿಂದ ಗ್ರಾಚುಟಿ ಇಲ್ಲ. ಹನ್ನೊಂದು ವರ್ಷವೂ ಅವರು ಅದೇ ಲೋಡಿಂಗ್ ಡಾಕಿನಲ್ಲಿ ಅದೇ ಲಾರಿಗಳನ್ನು ತುಂಬಿಸಿದ್ದರು. ಈಗ ಗ್ರಾಚುಟಿ ಪಾಲನ್ನು ತಿಂಗಳ ಬಿಲ್ಲಿನಿಂದಲೇ ತೆಗೆದು ಬೇರೆ ಖಾತೆಯಲ್ಲಿಡುತ್ತೇವೆ. ಹೊಸ ಕಂಟ್ರಾಕ್ಟರ್ ಬಂದಾಗ ಹಳೆಯ ಸೇವೆಯನ್ನು ಒಪ್ಪಿಕೊಂಡೇ ಸಹಿ ಹಾಕಬೇಕು.

10. ಬೇಡ ಎನ್ನುವಾಗ ಎದುರು ನಿಂತು ಹೇಳಿ

ಆರ್ಡರ್ ಕಡಿಮೆಯಾದ ಒಂದು ವರ್ಷ 40 ಜನರನ್ನು ಇಳಿಸಬೇಕಾಯಿತು. ಏಜೆನ್ಸಿಯವರು ಹೇಳಿಕೊಳ್ಳುತ್ತಾರೆ ಎಂದು ನಾನು ಸುಮ್ಮನಿದ್ದೆ. ಮರುದಿನ ಬೆಳಿಗ್ಗೆ ಆರು ಗಂಟೆಗೆ ಗೇಟಿನಲ್ಲಿದ್ದೆ. ಒಬ್ಬ ಹುಡುಗ ಪಂಚಿಂಗ್ ಮಿಷಿನ್ನಿಗೆ ಬೆರಳು ಒತ್ತಿದ. ಕೆಂಪು ದೀಪ. ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಒತ್ತಿದ. ಬೇರೆ ಬೆರಳು ಒತ್ತಿದ. ಹಿಂದೆ ಸಾಲು ಬೆಳೆಯುತ್ತಿತ್ತು. “ಸಾರ್, ಮಿಷಿನ್ ಬೆರಳು ತಗೊಳ್ತಾ ಇಲ್ಲ, ನೋಡಿ” ಎಂದು ನನ್ನನ್ನೇ ಕರೆದ. ಊಟದ ಡಬ್ಬಿ ಅವನ ಕೈಯಲ್ಲಿತ್ತು. ಸೆಕ್ಯುರಿಟಿಯವರ ಜೇಬಿನಲ್ಲಿ 40 ಹೆಸರಿನ ಪಟ್ಟಿ ಇತ್ತು.

ಈಗ ಕೆಲಸ ಮುಗಿಯುವ ಹದಿನೈದು ದಿನ ಮೊದಲು ಕ್ಯಾಂಟೀನಿನಲ್ಲಿ ಕೂರಿಸಿ ನಾನೇ ಹೇಳುತ್ತೇನೆ. ಕೊನೆಯ ದಿನ ಬಾಕಿ ಸಂಬಳ, ಓಟಿ, ರಜೆಯ ದುಡ್ಡಿನ ಲೆಕ್ಕದ ಚೀಟಿ ಕೈಗೆ ಸಿಗಬೇಕು. ಇಷ್ಟು ದಿನ ಇಂಥ ಕೆಲಸ ಮಾಡಿದ್ದಾರೆ ಎಂಬ ಪತ್ರ ನಮ್ಮ ಕಂಪನಿಯ ಲೆಟರ್‌ಹೆಡ್ಡಿನಲ್ಲೇ ಇರಬೇಕು. ಪಕ್ಕದ ಕಾರ್ಖಾನೆಗಳ ಸಿಬ್ಬಂದಿ ವಿಭಾಗಕ್ಕೆ ಅವರ ಹೆಸರುಗಳನ್ನು ಕಳಿಸುತ್ತೇನೆ. ಅವತ್ತಿನ ಆ ಹುಡುಗನಿಗೂ ಮೂರು ವಾರದ ಮೇಲೆ ಹಾರೋಹಳ್ಳಿಯಲ್ಲಿ ಕೆಲಸ ಸಿಕ್ಕಿತು. ಸೇರಿದ ದಿನ ಫೋನು ಮಾಡಿ, ಅಲ್ಲಿನ ಮಿಷಿನ್ ಬೆರಳು ತಗೊಂಡಿತು ಎಂದು ಹೇಳಿದ.